ಚಾವಿ ಕೊಟ್ಟರೆ ಓಡಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜಯಪುರಕ್ಕೆ ರೈಲಿನಲ್ಲಿ ಬಂದವರಿಗೆ ಇದು ಗೊತ್ತಿರುತ್ತದೆ. ಊರು ಬಂತೆಂದು ತಿಳಿಯಲು ಸ್ಟೇಶನ್ನಿನ ಹಳದಿ ಬೋರ್ಡು ಓದಬೇಕಾಗಿಲ್ಲ. ಕಿಟಕಿಯಲ್ಲಿ ಗೋಲಗುಮ್ಮಟ ಕಂಡರೆ ಸಾಕು, ಎಲ್ಲರೂ ಮೇಲಿನ ಚೀಲಕ್ಕೆ ಕೈ ಹಾಕುತ್ತಾರೆ. ನಾನು ಹುಡುಗನಾಗಿದ್ದಾಗ ಗದಗದಿಂದ ಹೋಟಗಿವರೆಗಿನ ಈ ದಾರಿ ಮೀಟರ್ ಗೇಜ್ ಆಗಿತ್ತು. ಉಗಿ ಎಂಜಿನ್ನುಗಳ ಕಾಲ. ನಮ್ಮ ಮನೆ ಸ್ಟೇಶನ್ ರಸ್ತೆಗೆ ಹತ್ತಿರ. ರಾತ್ರಿ ಹಾಸಿಗೆಯಲ್ಲಿ ಮಲಗಿ ಸೀಟಿ ಕೇಳುತ್ತಾ ನಿದ್ದೆ ಹೋಗುತ್ತಿದ್ದೆ.

ಮುಂಬೈನ ಗಿರಣಿಯಲ್ಲಿ ಕೆಲಸಕ್ಕಿದ್ದ ನಮ್ಮ ಕಾಕಾ ಒಮ್ಮೆ ದೀಪಾವಳಿಗೆ ಬಂದಾಗ ಒಂದು ಗಂಟು ಬಿಚ್ಚಿದರು. ಒಳಗೆ ಹಸಿರು ಬಣ್ಣದ ತಗಡಿನ ಎಂಜಿನ್. ನಾಲ್ಕೇ ಗಾಲಿ. ಪಕ್ಕದಲ್ಲಿ ಒಂದು ತೂತು, ಅದಕ್ಕೊಂದು ಚಾವಿ. ಜೊತೆಗೆ ಎರಡು ಡಬ್ಬಿ, ಒಂದಿಷ್ಟು ತಗಡಿನ ಹಳಿ. ಚೋರ್ ಬಜಾರಿನಲ್ಲಿ ಸಿಕ್ಕ ಹಳೆಯ ಮಾಲು. ಎಂಜಿನ್ನಿನ ಮೇಲೆ ಹಾರ್ನ್‌ಬಿ ಎಂದು ಬರೆದಿತ್ತು. ಅವತ್ತು ನಮ್ಮ ಪಡಸಾಲೆಯ ಫರಸಿ ಕಲ್ಲಿನ ಮೇಲೆ ಅದು ಓಡಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ತಗಡಿನ ಹಳಿ, ತಗಡಿನ ಡಬ್ಬಿ, ಕೆಳಗೆ ಕಲ್ಲು. ಆ ಗಲಾಟೆಗೆ ಪಕ್ಕದ ಮನೆಯ ಹುಡುಗರೆಲ್ಲಾ ಬಾಗಿಲಲ್ಲಿ ನಿಂತಿದ್ದರು.

ಆಮೇಲೆ ಆಗಿದ್ದೇನು? ಇಷ್ಟು ಚಂದದ ವಸ್ತು, ಮಕ್ಕಳ ಕೈಯಲ್ಲಿ ಹಾಳಾಗುತ್ತದೆ ಅಂತ ಮನೆಯವರು ಅದನ್ನು ಗಾಜಿನ ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿದರು. ಇಪ್ಪತ್ತು ವರ್ಷ ಅದು ಅಲ್ಲೇ ಇತ್ತು. ನಾನು ನೌಕರಿಗೆ ಸೇರಿ, ಮದುವೆಯಾಗಿ, ಒಂದು ದಿನ ಕಪಾಟು ತೆಗೆದು ಚಾವಿ ತಿರುಗಿಸಿದರೆ ಎಂಜಿನ್ ಅಲುಗಲಿಲ್ಲ. ಬಣ್ಣ ಹಾಗೇ ಹೊಳೆಯುತ್ತಿತ್ತು. ಒಳಗೆ ಮಾತ್ರ ಎಣ್ಣೆ ಒಣಗಿ ಅಂಟಾಗಿತ್ತು. ಸ್ಪ್ರಿಂಗಿನ ಸುತ್ತುಗಳು ತುಕ್ಕಿನಿಂದ ಒಂದಕ್ಕೊಂದು ಹಿಡಿದುಕೊಂಡಿದ್ದವು. ಬಹಳ ಬೇಜಾರಾಯಿತು. ಜೋಪಾನ ಮಾಡಿದ್ದೇ ಅದಕ್ಕೆ ಮುಳುವಾಗಿತ್ತು.

ಹಳೆಯ ಆಟಿಕೆ ರೈಲುಗಳ ಹುಚ್ಚು ನನಗೆ ಹಿಡಿದದ್ದು ಆ ದಿನ. ಅವತ್ತಿನಿಂದ ನನ್ನದು ಒಂದೇ ಮಾತು. ಓಡುವುದಕ್ಕೆಂದು ಮಾಡಿದ ರೈಲು ಓಡುತ್ತಾ ಇದ್ದರೇ ಚೆನ್ನಾಗಿರುತ್ತದೆ.

ಆ ಎಂಜಿನ್ನನ್ನು ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. "ಸರ, ಇದು ನಮ್ಮ ಗ್ವಾಡಿ ಗಡಿಯಾರದ ಅಣ್ಣನ ಇದ್ದಂಗ ಐತ್ರಿ" ಅಂದರು. ನಿಜ. ಸುತ್ತಿದ ಸ್ಪ್ರಿಂಗ್, ಅದರ ಬಲವನ್ನು ಗಾಲಿಗೆ ಮುಟ್ಟಿಸುವ ಹಲ್ಲಿನ ಚಕ್ರಗಳು, ಬ್ರೇಕಿಗೊಂದು ಸಣ್ಣ ಹಿಡಿ, ಹಿಂದೆ ಮುಂದೆ ಓಡಿಸಲು ಇನ್ನೊಂದು. ಎಲ್ಲವೂ ಎರಡು ತಗಡಿನ ಹಲಗೆಗಳ ನಡುವೆ. ಅವರು ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಹೊಸ ಎಣ್ಣೆ ಬಿಟ್ಟರು. ಮೂರು ದಿನದ ಕೆಲಸ. ಬಿಚ್ಚಲಿಕ್ಕೆ ಬರುವ ಹಾಗೆ ಅದನ್ನು ಮಾಡಿದ್ದರು ನೋಡಿ, ಅದು ನನಗೆ ಬಹಳ ದೊಡ್ಡ ವಿಷಯ. ಈಗಿನ ಎಷ್ಟೋ ಆಟಿಕೆಗಳನ್ನು ಅಂಟಿಸಿಯೇ ಬಿಟ್ಟಿರುತ್ತಾರೆ. ಕೆಟ್ಟರೆ ಗುಜರಿಗೆ ಹಾಕುವುದೊಂದೇ ದಾರಿ.

ಈ ರೈಲುಗಳು ಎಲ್ಲಿಯವು ಅಂತ ಸ್ವಲ್ಪ ಹೇಳುತ್ತೇನೆ. ಫ್ರಾಂಕ್ ಹಾರ್ನ್‌ಬಿ ಇಂಗ್ಲೆಂಡಿನ ಲಿವರ್‌ಪೂಲ್ ಊರಿನವರು. ಒಂದು ಕಚೇರಿಯಲ್ಲಿ ಗುಮಾಸ್ತರು. ತಮ್ಮ ಗಂಡುಮಕ್ಕಳಿಗಾಗಿ ತೂತಿನ ತಗಡಿನ ಪಟ್ಟಿಗಳನ್ನು ನಟ್ಟು ಬೋಲ್ಟು ಹಾಕಿ ಜೋಡಿಸುವ ಆಟಿಕೆ ಮಾಡಿದರು. 1901ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮುಂದೆ ಅದೇ ಮೆಕ್ಯಾನೋ ಆಯಿತು. ಆಗ ಆಟಿಕೆ ರೈಲು ಅಂದರೆ ಜರ್ಮನಿಯದೇ. ಅಲ್ಲಿ ಮಾರ್ಕ್ಲಿನ್ ಕಂಪನಿ 1891ರಲ್ಲೇ ಹಳಿಗಳಿಗೆ ಅಳತೆ ಗೊತ್ತು ಮಾಡಿತ್ತು. ಇವತ್ತು ಒಂದು ಡಬ್ಬಿ ಕೊಂಡು ಮುಂದಿನ ವರ್ಷ ಇನ್ನೊಂದು ಸೇರಿಸಬಹುದು ಅನ್ನುವ ಅನುಕೂಲ ಬಂದದ್ದು ಹಾಗೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಮಾಲು ಇಂಗ್ಲೆಂಡಿಗೆ ಬರುವುದು ನಿಂತಿತು. 1920ರಲ್ಲಿ ಹಾರ್ನ್‌ಬಿ ರೈಲು ಅಂಗಡಿಗೆ ಬಂತು. ನಮ್ಮ ಕಾಕಾನ ಎಂಜಿನ್ ಆ ವಂಶದ್ದು. ಓ ಗೇಜ್ ಅನ್ನುತ್ತಾರೆ, ಹಳಿಯ ಅಗಲ 32 ಮಿಲಿಮೀಟರ್. ಅಮೆರಿಕದ ಲಯನೆಲ್ ಕಂಪನಿಯದು ಬೇರೆಯೇ ಕಥೆ. ಅಂಗಡಿಯ ಕಿಟಕಿಯಲ್ಲಿ ಜನರ ಕಣ್ಣು ಸೆಳೆಯಲೆಂದು ಒಂದು ವಿದ್ಯುತ್ ಗಾಡಿ ಮಾಡಿಟ್ಟರೆ, ಗಿರಾಕಿಗಳು ಆ ಗಾಡಿಯನ್ನೇ ಕೊಡಿ ಅಂದರಂತೆ.

1938ರಲ್ಲಿ ಹಾರ್ನ್‌ಬಿ ಡಬ್ಲೋ ಬಂತು. ಹಳಿ 16.5 ಮಿಲಿಮೀಟರಿಗೆ ಇಳಿಯಿತು, ಮೇಜಿನ ಮೇಲೆ ರೈಲು ಓಡಿಸುವುದು ಸುಲಭವಾಯಿತು. ಮೂರು ಹಳಿ, 12 ವೋಲ್ಟಿನ ಡಿ.ಸಿ. ಕರೆಂಟು. ನಡುವಿನ ಹಳಿಯಿಂದ ಕರೆಂಟು ಎಂಜಿನ್ನಿಗೆ ಹತ್ತಿ, ಹೊರಗಿನ ಹಳಿಗಳ ಮೂಲಕ ವಾಪಸ್ಸು ಹೋಗುತ್ತದೆ. ನನ್ನ ಮಾಳಿಗೆಯ ಕೋಣೆಯಲ್ಲಿ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಮೇಜಿನ ಮೇಲೆ ಓಡುವುದು ಇವೇ. ಪುಣೆಯ ಜುನಾ ಬಜಾರಿನಲ್ಲಿ ಒಂದು, ಮುಂಬೈಯಲ್ಲಿ ಎರಡು, ಹೀಗೆ ವರ್ಷಗಟ್ಟಲೆ ಹುಡುಕಿ ತಂದದ್ದು.

ಮೇಜಿನ ಮೇಲೆ ನಮ್ಮ ಊರೇ ಇರಬೇಕು ಅಂತ ನನಗೆ ಆಸೆ. ಈ ಅಳತೆಯ ಗಾಡಿ ನಿಜವಾದ ಗಾಡಿಗಿಂತ ಸುಮಾರು 76 ಪಟ್ಟು ಚಿಕ್ಕದು. ಹಾಗಾದರೆ ಗೋಲಗುಮ್ಮಟ ಎಷ್ಟಾಗಬೇಕು? ಅದರ ಎತ್ತರ ಸುಮಾರು 51 ಮೀಟರ್. ಲೆಕ್ಕ ಹಾಕಿದರೆ 67 ಸೆಂಟಿಮೀಟರ್ ಬಂತು. ಒಂದೊಂದು ಗೋಡೆಯ ಉದ್ದ 62 ಸೆಂಟಿಮೀಟರ್. ಅಂದರೆ ಎರಡು ಅಡಿ ಅಗಲ, ಎರಡು ಅಡಿಗಿಂತ ಜಾಸ್ತಿ ಎತ್ತರ! ಮೇಜಿನ ಒಂದು ಮೂಲೆ ಪೂರ್ತಿ ಅದಕ್ಕೇ ಹೋಯಿತು. ಚಿಕ್ಕದು ಮಾಡಿ ಅಂತ ಎಲ್ಲರೂ ಹೇಳಿದರು. ನನಗೆ ಮನಸ್ಸಾಗಲಿಲ್ಲ. ರಟ್ಟು ಕತ್ತರಿಸಿ, ಅಂಟಿಸಿ, ಪೂರ್ತಿ ಅಳತೆಗೇ ಕಟ್ಟಿದೆ. ಈಗ ಅದರ ಮುಂದೆ ರೈಲು ಹಾದು ಹೋದರೆ, ಆದಿಲ್ ಶಾಹಿ ಕಾಲದ ಕೆಲಸಗಾರರು ಎಂಥಾ ಕಟ್ಟಡ ಎತ್ತಿದ್ದಾರೆ ಅನ್ನುವುದು ನಿಜವಾದ ಗುಮ್ಮಟದ ಕೆಳಗೆ ನಿಂತದ್ದಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಎಂಜಿನ್ ಅದರ ಬುಡದಲ್ಲಿ ಇರುವೆಯ ಹಾಗೆ ಕಾಣುತ್ತದೆ. ನನ್ನ ಮೊಮ್ಮಗಳು ಮೊದಲ ಸಲ ನೋಡಿದವಳೇ ಬಗ್ಗಿ ಬಾಗಿಲಲ್ಲಿ ಬಾಯಿಟ್ಟು "ಅಜ್ಜಾ, ಇದರಾಗ ಕೂಗಿದ್ರ ಏಳು ಸಲ ಕೇಳಸ್ತದೇನು?" ಅಂತ ಕೇಳಿದಳು.

ಹಳಿಯ ಅಗಲ ಮಾತ್ರ ಲೆಕ್ಕಕ್ಕೆ ಕೂಡುವುದಿಲ್ಲ. ನಮ್ಮ ಹಳೆಯ ಮೀಟರ್ ಗೇಜು ಈ ಅಳತೆಯಲ್ಲಿ 13 ಮಿಲಿಮೀಟರ್ ಆಗಬೇಕು. ಈಗಿನ ಬ್ರಾಡ್ ಗೇಜ್ 22 ಆಗಬೇಕು. ನನ್ನ 16.5 ಎರಡರ ನಡುವೆ ನಿಂತಿದೆ. ಇಂಗ್ಲೆಂಡಿನ ಗೇಜಿಗೂ ಅದು ಸರಿಯಾಗಿ ಹೊಂದುವುದಿಲ್ಲ, 18.8 ಇರಬೇಕಿತ್ತು. ಇರಲಿ. ಓಡುವಾಗ ಯಾರ ಕಣ್ಣಿಗೂ ಅದು ಬೀಳುವುದಿಲ್ಲ.

ನಮ್ಮ ಊರಿನ ಹವೆ ಈ ರೈಲುಗಳಿಗೆ ಅರ್ಧ ಗೆಳೆಯ, ಅರ್ಧ ವೈರಿ. ಕರಾವಳಿಯಲ್ಲಿ ತಗಡು ಬೇಗ ತುಕ್ಕು ಹಿಡಿಯುತ್ತದೆ. ಇಲ್ಲಿ ಒಣ ಹವೆ, ತಗಡಿಗೆ ಒಳ್ಳೆಯದು. ಆದರೆ ಎರೆ ಮಣ್ಣಿನ ಧೂಳು! ಆಷಾಢದ ಗಾಳಿ ಬಿಟ್ಟಿತು ಅಂದರೆ ಕಿಟಕಿ ಮುಚ್ಚಿದ್ದರೂ ಸಂಜೆಗೆ ಹಳಿಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಧೂಳು ಕೂತರೆ ಕರೆಂಟು ಹತ್ತುವುದಿಲ್ಲ, ಗಾಡಿ ಕುಂಟುತ್ತದೆ. ಎಣ್ಣೆಯ ಜೊತೆ ಸೇರಿದರೆ ಇನ್ನೂ ಕೆಟ್ಟದ್ದು, ಹಲ್ಲಿನ ಚಕ್ರಗಳನ್ನು ತಿನ್ನುತ್ತದೆ. ನಾನು ಓಡಿಸದೇ ಇರುವಾಗ ಇಡೀ ಮೇಜಿಗೆ ನಮ್ಮ ಅವ್ವನ ಹಳೆಯ ಇಳಕಲ್ ಸೀರೆ ಹೊದಿಸುತ್ತೇನೆ. ಓಡಿಸುವ ಮೊದಲು ಅರಿವೆಗೆ ಸ್ಪಿರಿಟ್ ಹಚ್ಚಿ ಹಳಿ ಒರೆಸುತ್ತೇನೆ. ಎಮರಿ ಕಾಗದದಿಂದ ಉಜ್ಜಬೇಡಿ. ಆಗ ಹೊಳೆಯುತ್ತದೆ, ಆದರೆ ಗೀರು ಬಿದ್ದು ಮುಂದೆ ಅದರಲ್ಲೇ ಕೊಳೆ ಕೂರುತ್ತದೆ. ಎಣ್ಣೆ ಅಂದರೆ ಹೊಲಿಗೆ ಮಷಿನ್ ಎಣ್ಣೆ. ಸೂಜಿಯ ತುದಿಯಲ್ಲಿ ನಿಲ್ಲುವಷ್ಟು, ಒಂದೊಂದು ಅಚ್ಚಿಗೆ ಒಂದೇ ಹನಿ. ಹೆಚ್ಚು ಹಾಕಿದರೆ ಹಳಿಗೆ ಇಳಿದು ಗಾಲಿ ಜಾರುತ್ತದೆ.

ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳಬೇಕು. ನಿಮ್ಮಲ್ಲಿ ಯಾರ ಹತ್ತಿರವಾದರೂ ಇಂಥ ಎಂಜಿನ್ ಇದ್ದರೆ ಇದು ಕೆಲಸಕ್ಕೆ ಬರುತ್ತದೆ. ಡಬ್ಲೋ ಎಂಜಿನ್ನಿನ ಮೋಟಾರಿನಲ್ಲಿ ಒಂದು ಮ್ಯಾಗ್ನೆಟ್ ಇರುತ್ತದೆ. ಅದರ ನಡುವೆ ತಾಮ್ರದ ತಂತಿ ಸುತ್ತಿದ ಆರ್ಮೇಚರ್ ತಿರುಗುತ್ತದೆ. ಒಂದು ರಾತ್ರಿ ಸ್ವಚ್ಛ ಮಾಡಲೆಂದು ಆರ್ಮೇಚರ್ ಹೊರಗೆ ತೆಗೆದೆ. ಕರೆಂಟು ಹೋಯಿತು. ನಾಳೆ ಮಾಡಿದರಾಯಿತು ಅಂತ ಹಾಗೇ ಬಿಟ್ಟು ಮಲಗಿದೆ. ಮರುದಿನ ಜೋಡಿಸಿ ಓಡಿಸಿದರೆ, ಮೊದಲು ಐದು ಡಬ್ಬಿ ಎಳೆಯುತ್ತಿದ್ದ ಎಂಜಿನ್ ಎರಡು ಡಬ್ಬಿಗೇ ಏದುಸಿರು ಬಿಡುತ್ತಿತ್ತು. ಮುಟ್ಟಿದರೆ ಕಾದ ಹಂಚು. ಯಾಕೆ ಅಂದರೆ, ಆರ್ಮೇಚರಿನ ಕಬ್ಬಿಣ ಮ್ಯಾಗ್ನೆಟ್ಟಿನ ಎರಡು ತುದಿಗಳಿಗೆ ಸೇತುವೆ ಇದ್ದ ಹಾಗೆ. ಸೇತುವೆ ತೆಗೆದರೆ ಹಳೆಯ ಕಾಲದ ಮ್ಯಾಗ್ನೆಟ್ ಬಲ ಕಳೆದುಕೊಳ್ಳುತ್ತದೆ. ಬಿಚ್ಚುವ ಹೊತ್ತಿಗೇ ಆ ಜಾಗಕ್ಕೆ ಒಂದು ಕಬ್ಬಿಣದ ತುಂಡು ಇಡಬೇಕು. ನನಗೆ ಗೊತ್ತಿರಲಿಲ್ಲ.

ಈಗೇನು ಮಾಡುವುದು? ಹಳೆಯ ಸ್ಕೂಟರಿನ ಮ್ಯಾಗ್ನೆಟ್ ಚಾರ್ಜ್ ಮಾಡಿ ಕೊಡುತ್ತಾರಲ್ವಾ, ಅಂಥ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. "ಏನ್ರೀ ಸರ, ಆಟಗಿ ಗಾಡಿಗೂ ಚಾರ್ಜ್ ಬೇಕಾತೇನ್ರಿ?" ಅಂತ ಅವನಿಗೆ ಖುಷಿಯೋ ಖುಷಿ. ದಪ್ಪ ತಾಮ್ರದ ಸುರುಳಿಯ ನಡುವೆ ಮ್ಯಾಗ್ನೆಟ್ ಇಟ್ಟು ಒಂದು ಕ್ಷಣ ಜೋರು ಕರೆಂಟು ಕೊಟ್ಟ. ಮನೆಗೆ ತಂದು ಓಡಿಸಿದರೆ ಬಲ ಬಂದಿತ್ತು, ಆದರೆ ಮುಂದಕ್ಕೆ ಅಂತ ಗುಂಡಿ ತಿರುಗಿಸಿದರೆ ಎಂಜಿನ್ ಹಿಂದಕ್ಕೆ ಓಡಿತು! ಉತ್ತರ ದಕ್ಷಿಣ ಅದಲು ಬದಲಾಗಿತ್ತು. ಮತ್ತೆ ಹೋದೆ. ಅವನು ಎರಡನೇ ಸಲ ಸರಿ ಮಾಡಿ ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ. ಮುಂದಿನ ಭಾನುವಾರ ತನ್ನ ಮಗನನ್ನು ಕರೆದುಕೊಂಡು ರೈಲು ನೋಡಲು ಬಂದ. ಇಡೀ ಮಧ್ಯಾಹ್ನ ಇದ್ದರು.

ಕೊಳ್ಳುವಾಗ ಒಂದು ಎಚ್ಚರ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಎಷ್ಟೋ ಎಂಜಿನ್ನುಗಳ ಗಾಲಿಗಳು ಸತುವಿನ ಮಿಶ್ರಲೋಹದ ಎರಕ. ಆ ಸತುವಿನಲ್ಲಿ ಸೀಸ ಬೆರೆತಿದ್ದರೆ ವರ್ಷಗಳು ಕಳೆದ ಹಾಗೆ ಲೋಹ ಉಬ್ಬಿ, ಬಿರಿದು, ಬಿಸ್ಕೀಟಿನ ಹಾಗೆ ಪುಡಿಯಾಗುತ್ತದೆ. ಅದಕ್ಕೆ ಮದ್ದಿಲ್ಲ. ನಾನು ಒಮ್ಮೆ ಹೊರಗಿನ ಚಂದ ನೋಡಿ ಕೊಂಡು ತಂದದ್ದರ ಗಾಲಿ ವಾರದಲ್ಲೇ ಕಳಚಿ ಬಿತ್ತು. ಕೂದಲೆಳೆಯಂಥ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಇನ್ನು ಹಳೆಯ ಟ್ರಾನ್ಸ್‌ಫಾರ್ಮರ್ ಸಿಕ್ಕರೆ ಸುಮ್ನೆ ಪ್ಲಗ್ಗಿಗೆ ಹಾಕಬೇಡಿ. ತಂತಿಯ ಹೊದಿಕೆ ಒಡೆದಿರುತ್ತದೆ. ಅಮೆರಿಕದ್ದಾದರೆ ಅದು 110 ವೋಲ್ಟಿನದು, ನಮ್ಮದು 230. ಹೊಸದೊಂದು 12 ವೋಲ್ಟಿನ ಪವರ್ ಸಪ್ಲೈ ತನ್ನಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಸಣ್ಣ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಕೆಲವರು ಪೆಟ್ಟಿಗೆ ಸಮೇತ ಕೊಂಡು, ಪೆಟ್ಟಿಗೆ ಬಿಚ್ಚದೆ ಇಡುತ್ತಾರೆ. ಹಾಗೆ ಇಟ್ಟದ್ದಕ್ಕೆ ಬೆಲೆ ಜಾಸ್ತಿ, ಅದು ನಿಜ. ಅವರು ಉಳಿಸಿದ್ದರಿಂದಲೇ ಮೊದಲಿನ ಬಣ್ಣ ಹೇಗಿತ್ತು ಅಂತ ನಮಗೆ ತಿಳಿಯುತ್ತದೆ. ಅದಕ್ಕೆ ನಾನೂ ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿಯುವುದಿಲ್ಲ. ಕಾಕಾನ ಎಂಜಿನ್ನಿನ ಮೂಲೆಯಲ್ಲಿ ಹಸಿರು ಹೋಗಿ ತಗಡು ಕಾಣುತ್ತದೆ. ಅದು ನಾನು ಎಂಟು ವರ್ಷದವನಿದ್ದಾಗ ಹೊಸ್ತಿಲಿಗೆ ಬಡಿಸಿದ್ದು. ಅದನ್ನು ಯಾಕೆ ಮುಚ್ಚಲಿ? ಆದರೆ ಓಡದ ರೈಲು ನನಗೆ ಅರ್ಧ ರೈಲು. ಪುಣೆಯ ಕೊಥ್ರೂಡಿನಲ್ಲಿ ಜೋಶಿಯವರ ಚಿಕ್ಕ ರೈಲುಗಳ ಮ್ಯೂಸಿಯಂ ಇದೆ. ಅಲ್ಲಿ ರೈಲುಗಳು ಓಡುತ್ತವೆ, ಸಿಗ್ನಲ್ ಬೀಳುತ್ತವೆ, ದೀಪ ಹತ್ತುತ್ತವೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ನಿಮ್ಮ ಅಟ್ಟದ ಮೇಲೋ ಟ್ರಂಕಿನಲ್ಲೋ ಇಂಥದೊಂದು ಚಾವಿ ಗಾಡಿ ಇದ್ದರೆ, ಸಿಕ್ಕ ಕೂಡಲೇ ಚಾವಿ ತಿರುಗಿಸಬೇಡಿ. ಒಣಗಿದ ಸ್ಪ್ರಿಂಗ್ ಮುರಿಯುತ್ತದೆ. ಮೊದಲು ಒರೆಸಿ, ಎಣ್ಣೆ ಬಿಟ್ಟು, ಒಂದು ದಿನ ಇಡಿ. ಆಮೇಲೆ ಎರಡೇ ಸುತ್ತು ಕೊಟ್ಟು ನೋಡಿ. ಕೈಯಲ್ಲಿ ಎತ್ತಿ ಹಿಡಿದು ಗಾಳಿಯಲ್ಲಿ ಗಾಲಿ ತಿರುಗಲು ಬಿಡಬಾರದು. ಭಾರವಿಲ್ಲದೆ ಅದು ಅಡ್ಡಾದಿಡ್ಡಿ ತಿರುಗಿ ಹಲ್ಲು ಸವೆಯುತ್ತದೆ.

ಅದಕ್ಕೇ ಇವತ್ತು ಬರುವಾಗ ಆರು ತುಂಡು ಹಳಿಯನ್ನೂ ತಂದಿದ್ದೇನೆ. ಸ್ಟುಡಿಯೋದ ಮೇಜಿನ ಮೇಲೆ, ಮೈಕಿನ ಸುತ್ತ, ಎರಡು ಅಡಿ ಅಗಲದ ಒಂದು ವೃತ್ತ ಜೋಡಿಸಿದ್ದಾಗಿದೆ. ಕಾಕಾನ ಹಸಿರು ಎಂಜಿನ್ ಅದರ ಮೇಲೆ ನಿಂತಿದೆ, ಹಿಂದೆ ಎರಡು ಡಬ್ಬಿ. ಫರಸಿ ಕಲ್ಲಿನ ಸದ್ದು ಈ ಮೇಜಿನಿಂದ ಬರುವುದಿಲ್ಲ, ಆದರೂ ಪರವಾಗಿಲ್ಲ. ಚಾವಿ ಕೊಡುತ್ತಿದ್ದೇನೆ. ಒಂದು, ಎರಡು, ಮೂರು, ನಾಲ್ಕು. ಸಾಕು. ಬ್ರೇಕ್ ಬಿಡುತ್ತೇನೆ, ಕೇಳಿ.