ದಂಡೆಯ ಡಾಂಬರು ಯಾವ ಹಡಗಿನದು?

ಎಲ್ಲರಿಗೂ ನಮಸ್ಕಾರ. ಕಾರವಾರದ ಮಾಜಾಳಿ, ಬೈತಖೋಲದ ಅಣ್ಣಂದಿರು, ಅಕ್ಕಂದಿರು ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಮಳೆಗಾಲದ ಹೊತ್ತಿಗೆ ನಮ್ಮ ದಂಡೆಗೆ ಬಂದು ಬೀಳುವ ಡಾಂಬರು ಉಂಡೆಗಳ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಕಾಲಿಗೆ ಮೆತ್ತಿದರೆ ಸೋಪಿಗೆ ಹೋಗುವುದಿಲ್ಲ, ಸೀಮೆಎಣ್ಣೆಯೇ ಬೇಕು. ಬಲೆಗೆ ಮೆತ್ತಿದರೆ ಕೇಳುವುದೇ ಬೇಡ. ಯಾವುದೋ ಹಡಗಿನವರು ಬಿಟ್ಟಿದ್ದು ಅಂತ ಬೈದು ಸುಮ್ಮನಾಗುತ್ತೇವೆ. ಯಾವ ಹಡಗು ಅಂತ ಕೇಳೋಣ ಅನ್ನುವುದೇ ನನ್ನ ಇವತ್ತಿನ ಮಾತು.

2006ರ ಮೇ 30ರಂದು ಓಷನ್ ಸೆರಾಯಾ ಹಡಗು ಇಲ್ಲೇ ಆಯ್ಸ್ಟರ್ ರಾಕ್ ದ್ವೀಪದ ಹತ್ತಿರ ಬಂಡೆಗೆ ಸಿಕ್ಕಿಕೊಂಡಿತು. ಎಣ್ಣೆ ಗೋವಾದ ದಂಡೆಗೂ ಹೋಯಿತು. ಆಗ ಹಡಗು ಕಣ್ಣೆದುರಿಗೇ ಇತ್ತು. ಆದರೆ ರಾತ್ರಿ ಟ್ಯಾಂಕ್ ತೊಳೆದು ಎಣ್ಣೆಯನ್ನು ಸಮುದ್ರಕ್ಕೆ ಬಿಟ್ಟು ಹೋದವರನ್ನು ಹಿಡಿಯುವುದು ಹೇಗೆ?

ಡಾಂಬರು ಉಂಡೆ ಅಂದರೆ ಸಮುದ್ರದಲ್ಲಿ ಗಟ್ಟಿಯಾದ ಎಣ್ಣೆಯೇ. ಆ ಎಣ್ಣೆಯಲ್ಲಿ ಸಾವಿರಾರು ರಾಸಾಯನಿಕಗಳಿವೆ. ಹಗುರವಾದವು ಬಿಸಿಲಿಗೆ ಬೇಗ ಆರಿಹೋಗುತ್ತವೆ. ಕೆಲವನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ. ಹೋಪೇನ್, ಸ್ಟೆರೇನ್ ಅನ್ನುವವು ಮಾತ್ರ ಜಗ್ಗುವುದಿಲ್ಲ. ಕೋಟ್ಯಂತರ ವರ್ಷಗಳ ಹಿಂದಿನ ಬ್ಯಾಕ್ಟೀರಿಯಾ, ಪಾಚಿಗಳಿಂದ ಉಳಿದು ಬಂದವು ಅವು. ಒಂದೊಂದು ಕಡೆಯ ಎಣ್ಣೆಯಲ್ಲಿ ಅವುಗಳ ಪ್ರಮಾಣ ಒಂದೊಂದು ಥರ. ಉಂಡೆಯ ಒಂದು ಚೂರನ್ನು ದ್ರಾವಕದಲ್ಲಿ ಕರಗಿಸಿ, ಕೂದಲಿನಷ್ಟು ಸಣ್ಣ ತೂತಿನ ಉದ್ದ ಕೊಳವೆಯೊಳಗೆ ಬಿಸಿಮಾಡಿ ಹಾಯಿಸುತ್ತಾರೆ. ಒಂದೊಂದೇ ರಾಸಾಯನಿಕ ಬೇರೆಯಾಗಿ ಹೊರಬರುತ್ತದೆ. ಗ್ಯಾಸ್ ಕ್ರೊಮೆಟೋಗ್ರಫಿ ಅಂದರೆ ಇದೇ. ದಂಡೆಯ ಎಣ್ಣೆ, ಹಡಗಿನ ಎಣ್ಣೆ ಎರಡರ ಗ್ರಾಫ್ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹಡಗಿನ ಎಣ್ಣೆಯ ಮಾದರಿಯೇ ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? ಇದನ್ನು ಇನ್ನೊಂದು ಸಲ ಹೇಳುತ್ತೇನೆ, ಬೇಸರ ಬೇಡ.

ನನಗೆ ಬಹಳ ಇಷ್ಟದ ಕತೆಯೊಂದಿದೆ. 1989ರಲ್ಲಿ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಬಂಡೆಗೆ ಬಡಿದು ಸುಮಾರು 37,000 ಟನ್ ಎಣ್ಣೆ ಸಮುದ್ರ ಸೇರಿತು. ಆ ಕಡೆಯ ದಂಡೆಗಳಲ್ಲಿ ಸಿಕ್ಕ ಡಾಂಬರೆಲ್ಲ ಆ ಹಡಗಿನದೇ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಅಮೆರಿಕದ ಭೂವಿಜ್ಞಾನಿಗಳು ಪರೀಕ್ಷೆ ಮಾಡಿದರು. ಕೆಲವು ಉಂಡೆಗಳು ತಾಳೆಯಾಗಲೇ ಇಲ್ಲ. ಅವು ದೂರದ ಕ್ಯಾಲಿಫೋರ್ನಿಯಾದ ಎಣ್ಣೆಗೆ ಹೊಂದಿದವು! ಅಲಾಸ್ಕಕ್ಕೆ ಅದು ಬಂದದ್ದು ಹೇಗೆ? 1964ರ ದೊಡ್ಡ ಭೂಕಂಪದಲ್ಲಿ ವಾಲ್ಡೀಸ್ ಊರಿನ ಟ್ಯಾಂಕ್‌ಗಳು ಒಡೆದಿದ್ದವು. ಅದರಲ್ಲಿದ್ದದ್ದು ಕ್ಯಾಲಿಫೋರ್ನಿಯಾದಿಂದ ತರಿಸಿದ ಡಾಂಬರು. ಇಪ್ಪತ್ತೈದು ವರ್ಷವಾದರೂ ಗುರುತು ಅಳಿಸಿರಲಿಲ್ಲ. ತಪ್ಪು ಮಾಡದವರ ತಲೆಗೆ ಕಟ್ಟುವುದೂ ಈ ಪರೀಕ್ಷೆಯಿಂದ ತಪ್ಪುತ್ತದೆ.

ಸಮಯವಾಯಿತು ಅಂತ ಚೀಟಿ ಬಂತು. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಗೋವಾ ದಂಡೆಯ ಉಂಡೆಗಳನ್ನು ಹೀಗೆ ಪರೀಕ್ಷಿಸಿದ್ದಾರೆ, ಅಂದರೆ ಈ ವಿದ್ಯೆ ನಮ್ಮ ಪಕ್ಕದಲ್ಲೇ ಇದೆ. ಬಂದರಿಗೆ ಬರುವ ಅನುಮಾನದ ಹಡಗಿನಿಂದ ಮಾದರಿ ತೆಗೆಯಿರಿ ಅಂತ ಅಧಿಕಾರಿಗಳನ್ನು ಕೇಳುತ್ತಲೇ ಇರೋಣ. ನಮ್ಮ ಪಾಲಿನ ಕೆಲಸ ಇಷ್ಟು: ಉಂಡೆ ಕಂಡ ದಿನವೇ ಚೊಕ್ಕ ಗಾಜಿನ ಬಾಟಲಿಗೆ ಹಾಕಿ. ಪ್ಲಾಸ್ಟಿಕ್ ಬೇಡ, ಅದರ ರಾಸಾಯನಿಕವೂ ಬೆರೆಯುತ್ತದೆ. ಜಾಗ, ತಾರೀಖು, ಹೊತ್ತು ಬರೆದು ಅಂಟಿಸಿ. ಪರೀಕ್ಷೆಗೆ ಕಳಿಸುವವರೆಗೆ ಬಿಸಿಲು ತಾಗದಂತೆ ತಣ್ಣಗಿಡಿ. ಖಾಲಿ ಬಾಟಲಿಗಳನ್ನು ಬಾಗಿಲ ಹತ್ತಿರ ಇಟ್ಟಿದ್ದೇವೆ, ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿ.