ಅಪರಿಚಿತರಾಗಿರಲು ಪುರುಸೊತ್ತಿಲ್ಲದ ಇಬ್ಬರು

ಆತ್ಮೀಯ ಕೇಳುಗರೇ, ನಮಸ್ಕಾರ.

ಧಾರವಾಡದಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳು ದೀಪಾವಳಿಯ ಸೂಟಿಗೆ ಬಂದಾಗ, "ಕಾಕಾ, ಇದನ್ನ ಓದಿ ನೋಡ್ರಿ, ನಮ್ಮ ಹಾಸ್ಟೆಲಿನ್ಯಾಗ ಎಲ್ಲಾರೂ ಓದ್ಯಾರ" ಎಂದು ಇಂಗ್ಲಿಷ್ ಕಾದಂಬರಿಯೊಂದನ್ನು ಕೈಗಿತ್ತಳು. ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಕಡಲತೀರದ ಮ್ಯಾಲೇಗ್‌ಗೆ ಹೋಗುವ ರೈಲಿನಲ್ಲಿ ಎದುರುಬದುರು ಕುಳಿತ ಹದಿನೆಂಟರ ಹುಡುಗ-ಹುಡುಗಿಯ ಪ್ರೇಮಕಥೆ ಅದು. ಪ್ರಯಾಣದ ಕಥೆಗಳೆಂದರೆ ನನಗೆ ಮೊದಲಿನಿಂದಲೂ ಪ್ರೀತಿಯಾದ್ದರಿಂದ ಆಸೆಯಿಂದಲೇ ಹಿಡಿದೆ. ಓದಿ ಮುಗಿಸಿದಾಗ ನಿಜಕ್ಕೂ ಬೇಸರವಾಯಿತು.

ಹದಿನೈದನೆಯ ಪುಟದ ಹೊತ್ತಿಗೆ ಆಕೆ ತಂದೆಯ ಸಾವಿನ ದುಃಖವನ್ನು ತೋಡಿಕೊಂಡಿರುತ್ತಾಳೆ, ಇಪ್ಪತ್ತನೆಯ ಪುಟದ ಹೊತ್ತಿಗೆ ಆತ ತನ್ನ ಮುರಿದ ಗೆಳೆತನವನ್ನೆಲ್ಲ ಹೇಳಿ ಹಗುರಾಗಿರುತ್ತಾನೆ. ಗಾಡಿಯಾದರೋ ಇನ್ನೂ ಗ್ಲಾಸ್ಗೋದ ಸರಹದ್ದನ್ನೇ ದಾಟಿರುವುದಿಲ್ಲ. ಅಪರಿಚಿತರ ಕಥೆಗೆ ಅಪರಿಚಯವೇ ಬಂಡವಾಳ. ಲೇಖಕಿ ಅದನ್ನು ಮೊದಲ ನಿಲ್ದಾಣಕ್ಕಿಂತ ಮುಂಚೆಯೇ ಖರ್ಚು ಮಾಡಿಬಿಟ್ಟಿದ್ದಾರೆ.

ಆ ಹಾದಿಯಾದರೂ ಎಂಥದ್ದು! ಸುಮಾರು ಐದೂವರೆ ತಾಸಿನ ಪ್ರಯಾಣ. ನಡುವೆ ರ‍್ಯಾನಕ್ ಮೂರ್ ಎಂಬ ವಿಶಾಲವಾದ ಜೌಗುನೆಲ ಬರುತ್ತದೆ. ಹಳಿ ಹಾಕುವಾಗ ನೆಲ ಭಾರ ತಾಳದ್ದರಿಂದ ಮರದ ಬೇರು, ಪೊದೆಗಳ ಕಟ್ಟು, ಸಾವಿರಾರು ಟನ್ ಮಣ್ಣು-ಬೂದಿಯನ್ನು ಹಾಸಿ, ಅದರ ಮೇಲೆ ದಾರಿಯನ್ನು ತೇಲಿಸಿದಂತೆ ಕಟ್ಟಿದರು. 1894ರಲ್ಲಿ ಅಲ್ಲಿ ಗಾಡಿ ಓಡಿತು. ಕಾಲಡಿಯ ನೆಲವೇ ಗಟ್ಟಿಯಿಲ್ಲದ ಆ ಜಾಗವನ್ನು ಕಾದಂಬರಿ "ಹೊರಗೆ ಮಂಜು ಕವಿದಿತ್ತು" ಎಂಬ ಒಂದೇ ಸಾಲಿನಲ್ಲಿ ದಾಟಿಬಿಡುತ್ತದೆ.

ಓದುವಾಗಲೆಲ್ಲ ಹುಬ್ಬಳ್ಳಿಯಿಂದ ಗದಗಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೋದ ಒಂದು ಮಧ್ಯಾಹ್ನ ನನಗೆ ನೆನಪಾಗುತ್ತಿತ್ತು. ಕಾಲೇಜಿನ ವಯಸ್ಸಿನ ಹುಡುಗನೊಬ್ಬ, ಹುಡುಗಿಯೊಬ್ಬಳು ಕಿಟಕಿಯ ಪಕ್ಕ ಎದುರುಬದುರು ಕುಳಿತಿದ್ದರು. ಹೆಬಸೂರ ದಾಟುವವರೆಗೂ ಒಂದು ಮಾತಿಲ್ಲ. ಅಣ್ಣಿಗೇರಿಯ ಹತ್ತಿರ ಎರೆಹೊಲದ ಧೂಳು ನುಗ್ಗಿದಾಗ ಆತ, "ಖಿಡಕಿ ಮುಚ್ಚಲೇನ್ರಿ?" ಎಂದು ಕೇಳಿದ. ಆಕೆ ಅವನತ್ತ ನೋಡದೆಯೇ, "ಅರ್ಧಾ ಇರಲಿ ಬಿಡ್ರಿ" ಎಂದಳು. ಷಟರಿನ ಕೊಂಡಿ ಕೆಟ್ಟಿತ್ತು. ಅರ್ಧಕ್ಕೆ ಇಳಿಸಿದ ಆ ಷಟರನ್ನು ಹುಡುಗ ಗದಗ ಬರುವತನಕ ಅಂಗೈಯಿಂದ ಹಿಡಿದುಕೊಂಡೇ ಕುಳಿತ. ಅಷ್ಟರಲ್ಲಿ ಪಕ್ಕದ ಅಜ್ಜಿಯೊಬ್ಬರು ರೊಟ್ಟಿಯ ಗಂಟು ಬಿಚ್ಚಿ, ಇಬ್ಬರ ಕೈಗೂ ಶೇಂಗಾ ಚಟ್ನಿ ಸವರಿದ ಒಂದೊಂದು ರೊಟ್ಟಿ ಕೊಟ್ಟು, "ಯಾವೂರಾಕಿ ನೀ? ನೀ ಯಾರ ಪೈಕಿ ಅಪ್ಪಾ?" ಎಂದು ವಿಚಾರಿಸಿದರು. ಅವರಿಬ್ಬರಲ್ಲಿ ಒಬ್ಬರ ಊರು ಇನ್ನೊಬ್ಬರಿಗೆ ತಿಳಿದದ್ದು ಅಜ್ಜಿಗೆ ಕೊಟ್ಟ ಉತ್ತರದಿಂದಲೇ.

ಈ ಕಾದಂಬರಿಯ ಬೋಗಿಯಲ್ಲಿ ಅಂಥ ಮೂರನೆಯವರು ಯಾರೂ ಇಲ್ಲ. ಟಿಕೆಟ್ ನೋಡುವವನು ಒಮ್ಮೆ ಬಂದು ಹೋಗುತ್ತಾನೆ, ಅಷ್ಟೆ. ಅಡ್ಡಿಯಿಲ್ಲದ ಕಡೆ ಸಂಕೋಚಕ್ಕೆ ಕೆಲಸವಿಲ್ಲ. ಸಂಕೋಚವೇ ಇಲ್ಲದ ಮೇಲೆ ಒಲವು ಎಲ್ಲಿ ಕಣ್ಣು ಬಿಡಬೇಕು? ಎಳೆಯ ಓದುಗರಿಗೆ ಇಷ್ಟು ಸಾಕೆಂದು ಭಾವಿಸಿದ್ದರೆ ಅದು ಅವರಿಗೆ ಮಾಡಿದ ಅನ್ಯಾಯ. ಹದಿನೆಂಟರ ವಯಸ್ಸಿನಲ್ಲಿ ಒಂದು ಮಾತು ಆಡುವ ಮೊದಲು ಎಷ್ಟು ಸಲ ಬಾಯಿ ಒಣಗುತ್ತದೆ ಎಂಬುದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಒಂದು ಪುಟ ಮಾತ್ರ ಮನಸ್ಸಿನಲ್ಲಿ ನಿಂತಿದೆ. ಹುಡುಗ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ್ದಾನೆ. ಅದು ನಟನೆಯೆಂದು ಹುಡುಗಿಗೆ ತಿಳಿದಿದೆ. ಆದರೂ ಅವನ ಮುಖದ ಮೇಲೆ ಬಿದ್ದ ಬಿಸಿಲಿಗೆ ಆಕೆ ಸದ್ದಾಗದಂತೆ ಪರದೆ ಎಳೆಯುತ್ತಾಳೆ. ಮುಂದಿನ ಪುಟದಲ್ಲೇ ಇಬ್ಬರೂ ಎದ್ದು ಕುಳಿತು ಪ್ರೀತಿಯ ಮಾತನ್ನು ಆಡಿ ಮುಗಿಸಿಬಿಡುತ್ತಾರೆ. ನಾನು ಹಾಳೆಯನ್ನು ಹಿಂದಕ್ಕೆ ತಿರುವಿ, ಆ ಪರದೆಯ ಪುಟವನ್ನೇ ಇನ್ನೊಮ್ಮೆ ಓದಿದೆ.

ನಮಸ್ಕಾರ.