ಚೆಂಡು ಹಿಡಿದು ಗುಳೆ ಹೋದವರು

ನಮಸ್ಕಾರ್ರಿ, ಕಲಬುರಗಿಯಿಂದ ಮಾತಾಡ್ತಿದ್ದೇನೆ. ಇವತ್ತಿನ ವಿಷಯ ಬಾಸ್ಕೆಟ್‌ಬಾಲ್. ಕ್ರಿಕೆಟ್ ಅಂದುಕೊಂಡು ಬಂದವರು ಸ್ವಲ್ಪ ಹೊತ್ತು ಕೂತು ಹೋಗಿ, ನಷ್ಟ ಇಲ್ಲ.

ನನ್ನದೊಂದು ತಕರಾರಿದೆ. ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡಲಿಲ್ಲ ಅಂದ್ರೆ ಆ ಆಟಗಾರ ಸೋತ ಅಂತ ನಾವು ಸುಮ್ನೆ ಷರಾ ಬರೆದುಬಿಡುತ್ತೇವೆ. ಅಲ್ಲಿರೋದು 30 ತಂಡ. ಒಂದೊಂದಕ್ಕೆ ಪೂರ್ತಿ ಕರಾರಿನ ಆಟಗಾರರು 15 ಜನ. ಅಂದ್ರೆ ಇಡೀ ಜಗತ್ತಿಗೆ 450 ಜಾಗ. ಅಮೆರಿಕದ ಕಾಲೇಜುಗಳಿಂದಲೇ ವರ್ಷಾವರ್ಷ ಸಾವಿರಾರು ಹುಡುಗರು ಆಟ ಮುಗಿಸಿ ಹೊರಗೆ ಬೀಳುತ್ತಾರೆ. ಜಾಗ ಸಿಗದವರು ಎಲ್ಲಿ ಹೋಗಬೇಕು? ಲಿಥುವೇನಿಯಾ, ಟರ್ಕಿ, ಲೆಬನಾನ್, ಫಿಲಿಪ್ಪೀನ್ಸ್. ಎಲ್ಲಿ ಕೆಲಸ ಇದೆಯೋ ಅಲ್ಲಿಗೆ.

ಇದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಯಾದಗಿರಿ, ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಿಂದ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುವವರನ್ನು ನೋಡುತ್ತಲೇ ಬೆಳೆದವರು ನಾವು. ಮೇಸ್ತ್ರಿ ಕರೆದಲ್ಲಿಗೆ ಹೋಗೋದು, ಕೆಲಸ ಇರೋ ತನಕ ಇರೋದು, ಲೆಕ್ಕ ಚುಕ್ತಾ ಆಗೋ ತನಕ ಕಾಯೋದು. ಈ ಆಟಗಾರರ ಬದುಕೂ ಹಾಗೇ. ದುಡ್ಡು ಜಾಸ್ತಿ, ವಿಮಾನದ ಟಿಕೆಟ್ಟು, ಮನೆ ಬಾಡಿಗೆ ಕ್ಲಬ್ಬಿನದು. ಅದು ಸಣ್ಣ ಫರಕಲ್ಲ, ಒಪ್ಪುತ್ತೇನೆ. ಆದ್ರೆ ಭರವಸೆ ಮಾತ್ರ ಇಬ್ಬರಿಗೂ ಇಲ್ಲ.

ಯುರೋಪಿನಲ್ಲಿ ಸೀಸನ್ ಹೆಚ್ಚುಕಡಿಮೆ ಅಕ್ಟೋಬರಿನಿಂದ ಮೇ ತನಕ. ಬಹಳಷ್ಟು ಲೀಗುಗಳಲ್ಲಿ ವಿದೇಶಿಗಳಿಗೆ ಮಿತಿ ಇರುತ್ತದೆ. ಆ ಕೆಲವೇ ಜಾಗಕ್ಕೆ ಬಂದವನು ಮೊದಲ ದಿನದಿಂದಲೇ ಪಾಯಿಂಟ್ ತರಬೇಕು. ನಾಲ್ಕು ಮ್ಯಾಚ್ ಕೈ ಕೊಟ್ಟರೆ ಊರಿಗೆ ಟಿಕೆಟ್ ಕೊಡುತ್ತಾರೆ, ಅದೇ ಕೋಣೆಗೆ ಇನ್ನೊಬ್ಬ ಬರುತ್ತಾನೆ. ಮಂಡಿ ಪೆಟ್ಟಾಯಿತೋ, ಅಲ್ಲಿಗೆ ಆ ವರ್ಷ ಮುಗೀತು.

ಇನ್ನು ಸಂಬಳ. ಪ್ರಾಯೋಜಕರು ಕೈ ಬಿಟ್ಟರೆ ಸಣ್ಣ ಕ್ಲಬ್ಬುಗಳು ಎರಡು ಮೂರು ತಿಂಗಳು ಬಾಕಿ ಇಟ್ಟುಬಿಡುತ್ತವೆ. ಪರದೇಶದ ಕೋರ್ಟಿನಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ ಎಷ್ಟು ವರ್ಷ ಅಲೆಯೋದು? ಅದಕ್ಕೇ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ 2007ರಲ್ಲಿ ಒಂದು ಪಂಚಾಯ್ತಿ ಕಟ್ಟೆ ಮಾಡಿತು. ಈಗ ಅದರ ಹೆಸರು ಬಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್, ಬಿಎಟಿ. ಒಬ್ಬರೇ ಪಂಚರು ಕಾಗದಪತ್ರ ನೋಡಿ, ನ್ಯಾಯ ಅನ್ನಿಸಿದ್ದನ್ನು ಹೇಳುತ್ತಾರೆ. ಕ್ಲಬ್ ದುಡ್ಡು ಕೊಡದಿದ್ದರೆ ಹೊಸ ವಿದೇಶಿ ಆಟಗಾರರನ್ನು ತರೋದಕ್ಕೆ ಫಿಬಾ ತಡೆ ಹಾಕಬಹುದು. ಆದ್ರೆ ಒಂದು ಷರತ್ತು. ತಕರಾರು ಬಂದರೆ ಬಿಎಟಿ ಮುಂದೆ ಹೋಗೋಣ ಅನ್ನೋ ಸಾಲು ಕರಾರಿನಲ್ಲಿ ಇರಬೇಕು. ಆ ಸಾಲು ಇಲ್ಲ ಅಂದ್ರೆ ಕಟ್ಟೆ ಹತ್ತಿಸಿಕೊಳ್ಳೋದೇ ಇಲ್ಲ.

ಈಗ ಜಸ್ಟಿನ್ ಬ್ರೌನ್ಲೀ ಕಥೆ ಕೇಳಿ. ಅಮೆರಿಕದವನು. ತಂಡಗಳು ಹೊಸ ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳೋ ಎನ್‌ಬಿಎ ಡ್ರಾಫ್ಟಿನಲ್ಲಿ 2011ರಲ್ಲಿ ಇವನನ್ನು ಯಾರೂ ಕರೆಯಲಿಲ್ಲ. ಸಣ್ಣಪುಟ್ಟ ಲೀಗುಗಳಲ್ಲಿ ತಿರುಗಿದ. 2016ರಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದ ಜಿನೆಬ್ರಾ ತಂಡದ ವಿದೇಶಿ ಆಟಗಾರನಿಗೆ ಪೆಟ್ಟಾಯಿತು, ಬದಲಿಗೆ ಇವನನ್ನು ಕರೆಸಿದರು. ಬದಲಿ ಆಳು, ಅಷ್ಟೇ. ಫೈನಲ್‌ನ ಕೊನೆಯ ಗಳಿಗೆಯಲ್ಲಿ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಎಂಟು ವರ್ಷದಿಂದ ಕಪ್ ಕಾಣದ ತಂಡ ಗೆದ್ದಿತು. 2023ರಲ್ಲಿ ಆ ದೇಶ ಅವನಿಗೆ ಪೌರತ್ವವನ್ನೇ ಕೊಟ್ಟಿತು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಚೀನಾವನ್ನು 77-76ಕ್ಕೆ ಕೆಡವಿ, ಫೈನಲ್ ಕೂಡ ಗೆದ್ದು, ಇವನು ಆಡಿದ ಫಿಲಿಪ್ಪೀನ್ಸ್ ತಂಡ ಬಾಸ್ಕೆಟ್‌ಬಾಲ್‌ನಲ್ಲಿ 1962ರ ನಂತರ ಮೊದಲ ಸಲ ಚಿನ್ನ ತಂದಿತು. ಎನ್‌ಬಿಎಯಲ್ಲಿ ಒಂದು ಮ್ಯಾಚೂ ಆಡದ ಮನುಷ್ಯ ಇವನು. ಇವನನ್ನು ಸೋತವ ಅಂತೀರಾ?

ನಮ್ಮವರ ವಿಷಯ. ಪಂಜಾಬಿನ ಸತ್ನಾಮ್ ಸಿಂಗ್‌ನನ್ನು 2015ರ ಎನ್‌ಬಿಎ ಡ್ರಾಫ್ಟಿನಲ್ಲಿ ಡಲ್ಲಾಸ್ ತಂಡ 52ನೇಯವನಾಗಿ ಆರಿಸಿಕೊಂಡಾಗ ಪೇಪರಿನ ತುಂಬ ಅವನೇ. ಜಪಾನ್‌ನಲ್ಲಿ ಆಡಿ, 2017ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ಸೇರಿದ ಅಮೃತ್‌ಪಾಲ್ ಸಿಂಗ್ ಹೆಸರು ಎಷ್ಟು ಜನಕ್ಕೆ ಗೊತ್ತು? ನಿಜವಾದ ದಾರಿ ತೋರಿಸಿದವನು ಇವನು ಅಂತ ನಾನಂತೂ ಹೇಳುತ್ತೇನೆ.

ಹಾಗಾದ್ರೆ ಜಾಸ್ತಿ ಜನ ಯಾಕೆ ಹೋಗಲ್ಲ? ಇಲ್ಲಿ ಸಂಜೆ ಹೊತ್ತು ಸಿಮೆಂಟ್ ಕೋರ್ಟಿನಲ್ಲಿ ಆಡೋ ಹುಡುಗರನ್ನು ನೋಡಿ. ಏಪ್ರಿಲ್‌ನಲ್ಲಿ ಸೂರ್ಯ ಮುಳುಗಿದರೂ ನೆಲದ ಕಾವು ಬೂಟಿನೊಳಗೆ ಬರುತ್ತದೆ. ಮನೆಗೆ ಹೋದ್ರೆ ಅಪ್ಪ ಕೇಳೋದು ಒಂದೇ, "ಇದನ್ನ ಆಡಿದ್ರ ನೌಕರಿ ಸಿಗ್ತದೇನು?" ತಪ್ಪೇನಿಲ್ಲ ಆ ಪ್ರಶ್ನೆಯಲ್ಲಿ. ಚೆನ್ನಾಗಿ ಆಡಿದವನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ನೌಕರಿ ಸಿಗಬಹುದು. ಕಾಯಂ ನೌಕರಿ ಬಿಟ್ಟು ಎಂಟು ತಿಂಗಳ ಕರಾರಿಗೆ ಹೋಗು ಅಂತ ಹೇಳೋಕೆ ನನಗೂ ಬಾಯಿ ಬರಲ್ಲ.

ಆದ್ರೆ ಎರಡರಲ್ಲಿ ಒಂದೇ ಯಾಕೆ? ದಕ್ಷಿಣ ರೈಲ್ವೆಯ ಆಟಗಾರ್ತಿ, ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಪರ ಆಡಿ ಬಂದರು. ಅದು ಯಾರೋ ಒಬ್ಬರಿಗೆ ಒದಗಿದ ಅವಕಾಶ ಆಗಬಾರದು. ಕೋಟಾ ನೌಕರಿ ಕೊಡೋ ಇಲಾಖೆಗಳು ಒಂದು ಸೀಸನ್ನಿಗೆ ಸಂಬಳವಿಲ್ಲದ ರಜೆ ಕೊಡಲಿ, ಹುದ್ದೆ ಹಾಗೇ ಇರಲಿ. ಸರ್ಕಾರಕ್ಕೆ ಅದರಿಂದ ಏನು ಹೋಗುತ್ತೆ? ಆಡಿ ಬಂದವನು ಅದೇ ಇಲಾಖೆಯ ತಂಡಕ್ಕೇ ತಾನೆ ಆಡೋದು. ನಿಮ್ಮ ಮನೆಯಲ್ಲಿ ಯಾರಾದ್ರೂ ಆ ಕೋಟಾದಲ್ಲಿದ್ದರೆ ರಜೆ ಕೇಳಿ ನೋಡಿದ್ದಾರಾ, ಏನು ಉತ್ತರ ಬಂತು ಅಂತ ನನಗೆ ಬರೆದು ಹೇಳಿ. ಮುಂದಿನ ವಿಡಿಯೋ ಅದರ ಮೇಲೇ ಮಾಡೋಣ.